ಜಾಗ ಇದ್ದೂ ಇಲ್ಲ ಅಂದ ಡಿಸ್ಕ್

ಶನಿವಾರ ರಾತ್ರಿ

ಮಲಗೋ ಮುಂಚೆ ಒಂದು ಅಪ್‌ಗ್ರೇಡ್ ಹಾಕಿಬಿಡೋಣ ಅಂತ ಕೂತಿದ್ದೇ ತಪ್ಪಾಯ್ತು. ಹಳೇ ಡೆಸ್ಕ್‌ಟಾಪ್, ಡೆಬಿಯನ್ ಲಿನಕ್ಸ್. ಪ್ಯಾಕೇಜುಗಳೆಲ್ಲ ಡೌನ್‌ಲೋಡ್ ಆದವು, ಬಿಚ್ಚಿಕೊಂಡವು, ಕೊನೇ ಹಂತದಲ್ಲಿ, ಪ್ಯಾಕೇಜುಗಳನ್ನು ಕೂರಿಸುವ ಡಿಪಿಕೆಜಿ ಮುಗ್ಗರಿಸಿತು. ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆಗುವಾಗ ಮೊದಲು ಬೇಕಾಗುವ ಡ್ರೈವರ್‌ಗಳ ಗಂಟು) ಕಟ್ಟುವ ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್ ಪ್ಯಾಕೇಜಿನ ಸ್ಕ್ರಿಪ್ಟ್ ಫೇಲ್, ಎಕ್ಸಿಟ್ ಸ್ಟೇಟಸ್ 1. ಈ 1ರಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಬಾಕಿ ಉಳಿದ ಪ್ಯಾಕೇಜುಗಳನ್ನು ಮುಗಿಸಲು ಡಿಪಿಕೆಜಿಗೆ ಕಾನ್ಫಿಗರ್ ಆಪ್ಷನ್ ಕೊಟ್ಟು ನೋಡಿದೆ. ಅದೇ ಜಾಗದಲ್ಲಿ ಅದೇ ಎರರ್. ರೀಸ್ಟಾರ್ಟ್ ಮಾಡುವ ಆಸೆಯನ್ನು ಮಾತ್ರ ತಡೆದುಕೊಂಡೆ. ಹೊಸ ಕರ್ನಲ್ (ಸಿಸ್ಟಮ್ಮಿನ ತಿರುಳು) ಬಂದು ಕೂತಿದೆ, ಅದರ ಇನಿಟ್‌ರಾಮ್‌ಎಫ್‌ಎಸ್ ತಯಾರಾಗಿಲ್ಲ. ಅದರಿಂದ ಬೂಟ್ ಆಗಲು ಹೋದರೆ ರೂಟ್ ಪಾರ್ಟಿಷನ್ (ಸಿಸ್ಟಮ್ ಇರುವ ಡಿಸ್ಕ್ ಭಾಗ) ಸಿಗದೆ ಅಲ್ಲೇ ನಿಲ್ಲುತ್ತದೆ.

ಭಾನುವಾರ ಬೆಳಿಗ್ಗೆ

ಲಾಗ್ ಫೈಲನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾ ಹೋದೆ. ಕೊನೇ ಸಾಲು ಬರೀ ದೂರು, ಕಾರಣ ಅದಕ್ಕಿಂತ ಹತ್ತಾರು ಸಾಲು ಮೇಲಿತ್ತು: ಡಿಸ್ಕ್‌ನಲ್ಲಿ ಜಾಗವಿಲ್ಲ. ರೂಟ್‌ನಲ್ಲಿ ಜಾಗ ಬೇಕಾದಷ್ಟಿದೆ. ಆದರೆ ಕರ್ನಲ್ ಫೈಲುಗಳು ಕೂರುವ ಬೂಟ್ ಫೋಲ್ಡರ್ ನನ್ನ ಮೆಷಿನ್ನಿನಲ್ಲಿ ಬೇರೆಯೇ ಪಾರ್ಟಿಷನ್, ಬರೀ 236 ಎಂಬಿ. ಇನ್‌ಸ್ಟಾಲ್ ಮಾಡುವಾಗ 'ಇಷ್ಟು ಸಾಕು' ಅಂತ ಕೊಟ್ಟವನು ನಾನೇ.

ಡಿಎಫ್ ಕಮಾಂಡ್ ಹಾಕಿದರೆ ಅಲ್ಲೂ 15 ಎಂಬಿ ಖಾಲಿ! ಇಲ್ಲಿ ಅರ್ಧ ಗಂಟೆ ಹೋಯಿತು. ಆಮೇಲೆ ಹೊಳೆಯಿತು: ಇನಿಟ್‌ರಾಮ್‌ಎಫ್‌ಎಸ್ ಬರೆಯುವಾಗ ಮೊದಲು '.ನ್ಯೂ' ಅಂತ ಕೊನೆಯಾಗುವ ಹೆಸರಿನಲ್ಲಿ ಫೈಲ್ ಬರೆಯುತ್ತದೆ, ಪೂರ್ತಿ ಆದಮೇಲೆ ಹೆಸರು ಬದಲಿಸುತ್ತದೆ. ಮಧ್ಯದಲ್ಲಿ ಜಾಗ ಮುಗಿದರೆ ಆ ಅರೆಬರೆ ಫೈಲನ್ನು ತಾನೇ ಅಳಿಸಿಬಿಡುತ್ತದೆ. ನಾನು ನೋಡುವ ಹೊತ್ತಿಗೆ ಸಾಕ್ಷಿಯೇ ಇರಲಿಲ್ಲ. ಬೇಕಾಗಿದ್ದದ್ದು 60 ಎಂಬಿ, ಇದ್ದದ್ದು 15.

ಹಳೇ ಕರ್ನಲ್‌ಗಳು ಮೂರು ಉಳಿದಿದ್ದವು. ಬೇಡದ ಪ್ಯಾಕೇಜು ತೆಗೆಯುವ ಆಟೋರಿಮೂವ್ ಹಾಕಿದರೆ ಅದು ಮೊದಲು ಬಾಕಿ ಕೆಲಸಕ್ಕೆ ಕೈಹಾಕಿ ಅಲ್ಲೇ ಬಿತ್ತು. ಫೈಲುಗಳನ್ನು ಕೈಯಾರೆ ಅಳಿಸುವುದು ನನಗೆ ಇಷ್ಟವಿಲ್ಲ, ಡಿಪಿಕೆಜಿಯ ಲೆಕ್ಕ ತಪ್ಪುತ್ತದೆ. ಯುನೇಮ್ ಕಮಾಂಡಿನಿಂದ ಈಗ ಓಡುತ್ತಿರುವ ಕರ್ನಲ್ ಯಾವುದು ಅಂತ ಎರಡೆರಡು ಸಲ ನೋಡಿಕೊಂಡು, ಎಲ್ಲಕ್ಕಿಂತ ಹಳೆಯದನ್ನು ಡಿಪಿಕೆಜಿಯಲ್ಲೇ ಪರ್ಜ್ ಮಾಡಿದೆ, ಅಂದರೆ ಪೂರ್ತಿ ತೆಗೆದೆ. ಮತ್ತೆ ಕಾನ್ಫಿಗರ್. ಈ ಸಲ ಕರ್ಸರ್ ಒಂದು ನಿಮಿಷ ಮಿನುಗುತ್ತಾ ನಿಂತಿತ್ತು, ನಾನೂ ಉಸಿರು ಬಿಗಿಹಿಡಿದು ಕೂತಿದ್ದೆ. ಬೂಟ್ ಮೆನು ತೋರಿಸುವ ಗ್ರಬ್, ಹೊಸ ಕರ್ನಲ್ ಸಿಕ್ಕಿತು ಅಂತ ಸಾಲು ಹಾಕಿತು. ಪ್ಯಾಕೇಜ್ ಪಟ್ಟಿಯಲ್ಲಿ 'ಐಎಫ್' ಅಂತಿದ್ದ ಗುರುತು, ಅಂದರೆ ಅರ್ಧ ಕಾನ್ಫಿಗರ್ ಆದದ್ದು, 'ಐಐ' ಆಯಿತು, ಅಂದರೆ ಸರಿಯಾಗಿ ಇನ್‌ಸ್ಟಾಲ್ ಆಯಿತು.

ಭಾನುವಾರ ಸಂಜೆ

ಹೀಗೇ ಬಿಟ್ಟರೆ ಮುಂದಿನ ಕರ್ನಲ್‌ಗೆ ಮತ್ತೆ ಇದೇ ಗೋಳು. ಇನಿಟ್‌ರಾಮ್‌ಎಫ್‌ಎಸ್ ಸೆಟ್ಟಿಂಗ್ಸ್ ಫೈಲಿನಲ್ಲಿ ಮಾಡ್ಯೂಲ್ಸ್ ಎದುರು 'ಮೋಸ್ಟ್' ಇದ್ದದ್ದನ್ನು 'ಡೆಪ್' ಮಾಡಿದೆ. ಆಗ ಈ ಮೆಷಿನ್ನಿಗೆ ಬೇಕಾದ ಡ್ರೈವರ್‌ಗಳಷ್ಟೇ ಸೇರುತ್ತವೆ. 60 ಎಂಬಿ ಇದ್ದದ್ದು 22ಕ್ಕೆ ಇಳಿಯಿತು. ತೊಂದರೆಯೂ ಇದೆ: ಇದೇ ಡಿಸ್ಕನ್ನು ನಾಳೆ ಬೇರೆ ಕಂಪ್ಯೂಟರಿಗೆ ಹಾಕಿದರೆ ಬೂಟ್ ಆಗದೇ ಇರಬಹುದು. ಅದಕ್ಕೇ ಹೊಸದೊಂದನ್ನಷ್ಟೇ ಮತ್ತೆ ಕಟ್ಟಿಸಿದೆ, ಉಳಿದ ಹಳೇ ಎರಡು 'ಮೋಸ್ಟ್'ನಲ್ಲೇ ಇವೆ.

ಎರಡು ಸಲ ರೀಸ್ಟಾರ್ಟ್ ಮಾಡಿದೆ, ಒಮ್ಮೆ ಹೊಸದರಲ್ಲಿ, ಒಮ್ಮೆ ಹಳೆಯದರಲ್ಲಿ. ಎರಡೂ ಲಾಗಿನ್‌ವರೆಗೆ ಬಂದವು. ಪಾರ್ಟಿಷನ್ ದೊಡ್ಡದು ಮಾಡುವ ಕೆಲಸ ಬಾಕಿ ಇದೆ, ಬ್ಯಾಕಪ್ ಮುಗಿದ ಮೇಲೆ ನೋಡಬೇಕು.