ಕೆಲಸಕ್ಕೆ ಬರವಿಲ್ಲ, ಹುಟ್ಟುವಳಿಗೆ ಬರ

ನಿರುದ್ಯೋಗ ಶೇ. 3.2. ಯಾರಿಗೆ ಕೆಲಸ ಇದೆ, ಯಾರಿಗಿಲ್ಲ ಅಂತ ಕೇಂದ್ರ ಸರ್ಕಾರ ಮಾಡುವ ಪಿಎಲ್‌ಎಫ್‌ಎಸ್ ಸಮೀಕ್ಷೆಯ 2023-24ರ ವರದಿಯ ಅಂಕಿ ಇದು. 2017-18ರಲ್ಲಿ ಈ ಸಮೀಕ್ಷೆ ಶುರುವಾದಾಗ ಶೇ. 6.1 ಇತ್ತು. ಅರ್ಧದಷ್ಟು ಇಳಿದಿದೆ ನೋಡಿ ಅಂತ ಒಂದು ಗುಂಪು ಕುಣಿಯುತ್ತದೆ, ಎಲ್ಲಾ ಬೋಗಸ್ ಅಂತ ಇನ್ನೊಂದು ಗುಂಪು ಬೈಯುತ್ತದೆ. ನನಗೆ ಎರಡೂ ಒಪ್ಪಿಗೆ ಇಲ್ಲ. ಲೆಕ್ಕ ಬೋಗಸ್ ಅಲ್ಲ. ಆದರೆ ಅದು ಏನನ್ನ ಎಣಿಸುತ್ತಿದೆ ಅಂತ ಸ್ವಲ್ಪ ಕೂತು ನೋಡಬೇಕು.

ನಮ್ಮ ದೇಶದಲ್ಲಿ ಕೆಲಸ ಇಲ್ಲದೆ ಮನೆಯಲ್ಲಿ ಕೂರೋದಕ್ಕೂ ಒಂದಿಷ್ಟು ಅನುಕೂಲ ಬೇಕು. ಅಪ್ಪನ ಸಂಬಳವೋ ಪೆನ್ಷನ್ನೋ ಇದ್ದ ಮನೆಯ ಹುಡುಗ ಎರಡು ವರ್ಷ ಕೆಪಿಎಸ್‌ಸಿಗೆ ಓದುತ್ತಾ ಕೂರಬಹುದು. ಅವನು ನಿರುದ್ಯೋಗಿ. ಅದೇ ಊರಿನ ಕೂಲಿ ಮನೆಯ ಹುಡುಗನಿಗೆ ಆ ಭಾಗ್ಯ ಇಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ಕವರ್ ಮಾರುತ್ತಾನೆ, ಸುಗ್ಗಿ ಬಂದರೆ ಹೊಲಕ್ಕೆ ಹೋಗುತ್ತಾನೆ, ಮದುವೆ ಸೀಸನ್ನಿನಲ್ಲಿ ಊಟ ಬಡಿಸುತ್ತಾನೆ. ಲೆಕ್ಕದಲ್ಲಿ ಅವನು ಉದ್ಯೋಗಿ. ವರ್ಷದಲ್ಲಿ 30 ದಿನ ಏನಾದರೂ ಕೆಲಸ ಮಾಡಿದರೂ ಸಾಕು, ವಾರ್ಷಿಕ ವರದಿಯ ಆ 3.2ರ ಲೆಕ್ಕದಲ್ಲಿ ಕೆಲಸ ಇರೋನು ಅಂತಲೇ ಬರೆದುಕೊಳ್ಳುತ್ತಾರೆ. ಅದಕ್ಕೇ ಯುವಕರಲ್ಲಿ, ಅಂದರೆ 15ರಿಂದ 29 ವರ್ಷದವರಲ್ಲಿ, ನಿರುದ್ಯೋಗ ಶೇ. 10.2 ಇದೆ. ಓದಿದವರಲ್ಲಿ ಜಾಸ್ತಿ, ಓದದವರಲ್ಲಿ ಕಡಿಮೆ. ಓದದವರಿಗೆ ಒಳ್ಳೆ ಕೆಲಸ ಸಿಕ್ಕಿದೆ ಅಂತ ಯಾರೂ ಹೇಳಲ್ಲ, ಅಲ್ವಾ?

2025ರಿಂದ ಇದೇ ಸಮೀಕ್ಷೆ ತಿಂಗಳಿಗೊಮ್ಮೆ ಬರುತ್ತಿದೆ. ಮೊದಲನೇ ಸಲ, ಏಪ್ರಿಲ್ 2025ಕ್ಕೆ, ಶೇ. 5.1 ಅಂತ ಬಂತು. ಒಂದೇ ಸಲ ಕೆಲಸ ಹೋಗಿಬಿಟ್ಟಿತಾ? ಇಲ್ಲ. ತಿಂಗಳ ವರದಿಯಲ್ಲಿ ಕೇಳೋದು ಹಿಂದಿನ ಒಂದು ವಾರದ ಕಥೆ, ವರ್ಷದ್ದಲ್ಲ. ಅಳತೆ ಬದಲಾದರೆ ಅಂಕಿ ಬದಲಾಗುತ್ತದೆ. ಆ ವಾರದಲ್ಲೂ ಒಂದು ಗಂಟೆ ದುಡಿದಿದ್ದರೆ ಉದ್ಯೋಗಿಯೇ.

ನನಗೆ ನಿಜವಾಗಿ ತಲೆ ಕೆಡಿಸೋ ಅಂಕಿ ಬೇರೆ. 2018-19ರಲ್ಲಿ ದೇಶದ ದುಡಿಯುವವರಲ್ಲಿ ಶೇ. 42.5 ಮಂದಿ ಕೃಷಿಯಲ್ಲಿದ್ದರು. 2023-24ರಲ್ಲಿ ಶೇ. 46.1. ಜಾಸ್ತಿ ಆಗಿದೆ! ಯಾವ ದೇಶ ಶ್ರೀಮಂತ ಆದರೂ ಜನ ಹೊಲದಿಂದ ಹೊರಗೆ ಹೋಗುತ್ತಾರೆ, ಇಲ್ಲಿ ವಾಪಸ್ ಬಂದಿದ್ದಾರೆ. 2020ರ ಲಾಕ್‌ಡೌನ್‌ನಲ್ಲಿ ನಡೆದುಕೊಂಡು ಊರಿಗೆ ಬಂದವರು ನೆನಪಿರಬೇಕು. ತಾತ್ಕಾಲಿಕ, ಎಲ್ಲಾ ಸರಿಹೋದ ಮೇಲೆ ಹೊರಡ್ತಾರೆ ಅಂತ ಆಗ ಎಲ್ಲರೂ ಹೇಳಿದರು. ಎಷ್ಟೋ ಜನ ಹೊರಟರು ಕೂಡ. ಆದರೆ ಆ ಶೇಕಡಾವಾರು ಮಾತ್ರ ನಾಲ್ಕು ವರ್ಷ ಕಳೆದರೂ ಹಳೇ ಜಾಗಕ್ಕೆ ಇಳಿಯಲಿಲ್ಲ.

ಈಗ ಸುಮ್ನೆ ಒಂದು ಲೆಕ್ಕ ಹಾಕಿ. ದುಡಿಯುವವರಲ್ಲಿ 46 ಪಾಲು ಇರೋ ಕೃಷಿಯಿಂದ ದೇಶದ ಹುಟ್ಟುವಳಿಯಲ್ಲಿ, ಅಂದರೆ ದೇಶ ಒಟ್ಟು ಉತ್ಪಾದಿಸುವುದರ ಮೌಲ್ಯದಲ್ಲಿ, ಬರುವುದು ಸುಮಾರು 18 ಪಾಲು. ಉಳಿದ 54 ಪಾಲು ಜನ 82 ಪಾಲು ಹುಟ್ಟಿಸುತ್ತಾರೆ. ಭಾಗಾಕಾರ ಮಾಡಿದರೆ ಹೊಲದ ಆಚೆ ಇರುವ ಒಬ್ಬರು ಹೊಲದಲ್ಲಿರುವ ಸುಮಾರು ನಾಲ್ಕು ಜನರಷ್ಟು ಹುಟ್ಟುವಳಿ ತರುತ್ತಾರೆ. ರೈತ ಸೋಮಾರಿ ಅಂತ ಇದರ ಅರ್ಥ ಅಲ್ಲ. 2015-16ರ ಕೃಷಿ ಗಣತಿ ಪ್ರಕಾರ ಸರಾಸರಿ ಹಿಡುವಳಿ 1.08 ಹೆಕ್ಟೇರ್, ಅಂದರೆ ಎರಡೂ ಮುಕ್ಕಾಲು ಎಕರೆಗಿಂತ ಕಡಿಮೆ. ಅಷ್ಟು ಜಾಗದಲ್ಲಿ ಅಣ್ಣ ಒಬ್ಬ ಮಾಡಿ ಮುಗಿಸೋ ಕೆಲಸಕ್ಕೆ ತಮ್ಮನೂ ಸೇರಿಕೊಂಡರೆ ಕೆಲಸ ಬೇಗ ಮುಗಿಯುತ್ತದೆ, ಕಡಲೆಕಾಯಿ ಜಾಸ್ತಿ ಬಿಡಲ್ಲ. ಉದ್ಯೋಗ ಎರಡಾಯ್ತು, ಮೂಟೆ ಅಷ್ಟೇ.

ಹೆಂಗಸರ ಲೆಕ್ಕ ಇನ್ನೂ ವಿಚಿತ್ರ. ಹಳ್ಳಿಯ ಹೆಂಗಸರಲ್ಲಿ ದುಡಿಮೆಯಲ್ಲಿ ಇರುವವರು ಮತ್ತು ಕೆಲಸ ಹುಡುಕುವವರು ಸೇರಿ 2017-18ರಲ್ಲಿ ಶೇ. 24.6 ಇದ್ದರು, 2023-24ರಲ್ಲಿ ಶೇ. 47.6. ಆರು ವರ್ಷದಲ್ಲಿ ಹೆಚ್ಚುಕಮ್ಮಿ ಎರಡು ಪಟ್ಟು. ಇದನ್ನ ಮಹಿಳಾ ಸಬಲೀಕರಣ ಅಂತ ಬ್ಯಾನರ್ ಹಾಕಬಹುದು. ಆದರೆ ಅದೇ ಅವಧಿಯಲ್ಲಿ ದುಡಿಯುವ ಹಳ್ಳಿ ಹೆಂಗಸರಲ್ಲಿ ಕೃಷಿಯಲ್ಲಿ ಇರುವವರು ಶೇ. 73.2ರಿಂದ 76.9ಕ್ಕೆ ಏರಿದ್ದಾರೆ. ಅವರಲ್ಲಿ ಎಷ್ಟೋ ಜನರನ್ನು ಸಮೀಕ್ಷೆ 'ಮನೆ ಉದ್ಯಮದಲ್ಲಿ ಸಂಬಳವಿಲ್ಲದ ಸಹಾಯಕರು' ಅಂತ ಬರೆಯುತ್ತದೆ. ನಮ್ಮ ದೊಡ್ಡಮ್ಮ ಐವತ್ತು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದಾರೆ. ಮೊದಲು ಲೆಕ್ಕಕ್ಕೆ ಸಿಗುತ್ತಿದ್ದರೋ ಇಲ್ಲವೋ, ಈಗ ಸಿಗುತ್ತಾರೆ. ಕೈಗೆ ಬರೋ ದುಡ್ಡು ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಸರಿ, ಫ್ಯಾಕ್ಟರಿ ಕಡೆ ಬರೋಣ. ನಾನು ಹೊಟ್ಟೆಪಾಡಿಗೆ ಮಾಡೋದು ಲೆಕ್ಕ ಬರೆಯೋದು. ಪೀಣ್ಯದ ಸಣ್ಣ ಸಣ್ಣ ವರ್ಕ್‌ಶಾಪ್‌ಗಳ ಜಿಎಸ್‌ಟಿ, ಪಿಎಫ್, ಇಎಸ್‌ಐ (ಕೆಲಸಗಾರರ ಆರೋಗ್ಯ ವಿಮೆ), ಇವೇ. ಪುಸ್ತಕದಲ್ಲಿ ಉತ್ಪಾದಕತೆ ಅಂತ ಓದೋದನ್ನ ಅಲ್ಲಿ ಕಣ್ಣಾರೆ ನೋಡಬಹುದು. ಒಂದು ಶೆಡ್ಡು, ಒಳಗೆ ಲೋಹ ಕಡೆಯುವ ಮೂರು ಹಳೇ ಲೇತು, ಒಂದು ಸೆಕೆಂಡ್ ಹ್ಯಾಂಡ್ ಸಿಎನ್‌ಸಿ, ಅಂದರೆ ಅದೇ ಕೆಲಸ ಮಾಡುವ ಕಂಪ್ಯೂಟರ್ ಮಷೀನು. ಲೇತಿನ ಮುಂದೆ ನಿಂತ ಆಪರೇಟರ್ ಪ್ರತಿ ಪೀಸಿಗೂ ಅಳತೆ ನೋಡಬೇಕು, ಟೂಲ್ ಸರಿಸಬೇಕು, ಸಂಜೆ ಹೊತ್ತಿಗೆ ಕೈ ಸೋತರೆ ರಿಜೆಕ್ಷನ್ ಜಾಸ್ತಿ. ಸಿಎನ್‌ಸಿಯಲ್ಲಿ ಸೆಟ್ಟಿಂಗ್ ಒಂದು ಸಲ ಆದರೆ ಐಟಿಐ ಮುಗಿಸಿದ ಹುಡುಗ ಪೀಸ್ ಹಾಕೋದು, ತೆಗೆಯೋದು. ಮೂರು ಲೇತಿನಿಂದ ಬರೋ ಮಾಲು ಒಂದೇ ಮಷೀನಿಂದ ಬರುತ್ತದೆ. ಹಾಗಾದರೆ ಇನ್ನೂ ಎರಡು ಮಷೀನ್ ತಗೊಳ್ಳಿ ಸಾರ್, ಬ್ಯಾಂಕ್ ಸಾಲ ಕೊಡುತ್ತಲ್ಲ ಅಂತ ಮಾಲೀಕರಿಗೆ ಹೇಳಿದರೆ ನಗುತ್ತಾರೆ.

ಯಾಕೆ ಅಂದರೆ ಅವರ ದುಡ್ಡು ಹೊರಗಡೆ ಇದೆ. ದೊಡ್ಡ ಕಂಪನಿಗೆ ಜಾಬ್ ವರ್ಕ್ (ಅವರು ಹೇಳಿದ ಬಿಡಿ ಕೆಲಸ) ಮಾಡಿ ಡೆಲಿವರಿ ಚಲನ್ ಜೊತೆ ಮಾಲು ಕಳಿಸಿ, ಬಿಲ್ ಹಾಕಿ, ಆ ತಿಂಗಳ ಜಿಎಸ್‌ಟಿ ಕೈಯಿಂದ ಕಟ್ಟಿ, ಆಮೇಲೆ ಆ ಕಂಪನಿಯವರ ಫೋನಿಗಾಗಿ ಕಾಯೋದು, ಕಾಯ್ತಾ ಕಾಯ್ತಾ ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲಕ್ಕೆ ಬಡ್ಡಿ ಕಟ್ಟೋದು. ಸಣ್ಣ ಉದ್ಯಮದವರಿಗೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ ಕಾನೂನು ಇದೆ. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ. ಹಾಗೆ ಕೊಡದಿದ್ದರೆ ಆ ಖರ್ಚನ್ನು ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ತೋರಿಸುವ ಹಾಗಿಲ್ಲ ಅಂತ 2023ರ ಬಜೆಟ್‌ನಲ್ಲಿ 43ಬಿ(ಎಚ್) ಅನ್ನೋ ನಿಯಮವನ್ನೂ ತಂದರು. ಒಳ್ಳೇ ನಿಯಮ. ಆದರೆ ನನ್ನ ಕಕ್ಷಿದಾರರೊಬ್ಬರಿಗೆ ಅವರ ಗಿರಾಕಿ ಕಂಪನಿ ಹೇಳಿದ್ದೇನು ಗೊತ್ತಾ? ನಿಮ್ಮ ಉದ್ಯಮ್ ರಿಜಿಸ್ಟ್ರೇಷನ್ (ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಮಾಡಿಸೋ ನೋಂದಣಿ) ಕ್ಯಾನ್ಸಲ್ ಮಾಡಿಸಿಕೊಳ್ಳಿ, ಇಲ್ಲಾಂದ್ರೆ ಆರ್ಡರ್ ಬೇರೆಯವರಿಗೆ ಹೋಗುತ್ತೆ ಅಂತ. ಹೇಗಿದೆ!

ಕಾರ್ಮಿಕ ಕಾನೂನಿಗೆ ಹೆದರಿ ಸಣ್ಣವರು ಬೆಳೆಯಲ್ಲ ಅಂತ ಟಿವಿಯಲ್ಲಿ ಕೂತವರು ಹೇಳುತ್ತಾರೆ. ಅದರಲ್ಲಿ ನಿಜ ಇಲ್ಲ ಅಂತಲ್ಲ. ಹತ್ತು ಜನ ಆದರೆ ಇಎಸ್‌ಐ, ಇಪ್ಪತ್ತಾದರೆ ಪಿಎಫ್. ಒಂಬತ್ತು ಜನರ ಹೆಸರು ಮಾತ್ರ ರಿಜಿಸ್ಟರ್‌ನಲ್ಲಿ ಬರೆಯೋರು, ಹೆಂಡತಿ ಹೆಸರಲ್ಲಿ ಪಕ್ಕದಲ್ಲೇ ಇನ್ನೊಂದು ಯೂನಿಟ್ ಮಾಡೋರು, ಎಲ್ಲಾ ಇದ್ದಾರೆ. ಆದರೆ ನಾನು ಕಂಡ ಹಾಗೆ ಬಾಕಿ ಬಿಲ್ಲು ಕೊಲ್ಲುವಷ್ಟು ಯಾವ ಕಾನೂನೂ ಕೊಲ್ಲಲ್ಲ.

ಇದರ ಪರಿಣಾಮ ದೇಶದ ಅಂಕಿಯಲ್ಲೂ ಕಾಣುತ್ತದೆ. ನೋಂದಾಯಿತ ಫ್ಯಾಕ್ಟರಿಗಳ ವಾರ್ಷಿಕ ಸಮೀಕ್ಷೆ ಪ್ರಕಾರ 2023-24ರಲ್ಲಿ ಸುಮಾರು 1.95 ಕೋಟಿ ಜನ ಅಲ್ಲಿ ದುಡಿದರು, ಅವರು ಸೇರಿಸಿದ ಮೌಲ್ಯ ಸುಮಾರು 24.5 ಲಕ್ಷ ಕೋಟಿ ರೂಪಾಯಿ. ತಲೆಗೆ ವರ್ಷಕ್ಕೆ ಹನ್ನೆರಡು ಲಕ್ಷದ ಮೇಲೆ. (ಇದು ಸಂಬಳ ಅಲ್ಲ, ತಪ್ಪು ತಿಳಿಯಬೇಡಿ. ಸಂಬಳ, ಬಡ್ಡಿ, ಬಾಡಿಗೆ, ಲಾಭ ಎಲ್ಲಾ ಇದರಲ್ಲೇ ಬರಬೇಕು.) ಇನ್ನೊಂದು ಸಮೀಕ್ಷೆ ಇದೆ, ಕಂಪನಿ ಅಂತ ನೋಂದಣಿ ಆಗದ ಸಣ್ಣ ಘಟಕಗಳದ್ದು. ಅಂಗಡಿ, ಗ್ಯಾರೇಜು, ಟೈಲರು, ಸಲೂನು, ಬೇಕರಿ. ಅದೇ ವರ್ಷಕ್ಕೆ 7.3 ಕೋಟಿ ಘಟಕ, 12 ಕೋಟಿ ಜನ. ತಲೆಗೆ ಮೌಲ್ಯ ಸುಮಾರು ಒಂದೂವರೆ ಲಕ್ಷ. ಎಂಟು ಪಟ್ಟು ವ್ಯತ್ಯಾಸ. ಘಟಕಕ್ಕೆ ಸರಾಸರಿ ಎರಡು ಜನವೂ ಇಲ್ಲ ನೋಡಿ. ನೂರಕ್ಕೆ ಎಂಬತ್ತೈದಕ್ಕಿಂತ ಜಾಸ್ತಿ ಕಡೆ ಸಂಬಳದ ಆಳೇ ಇಲ್ಲ, ಮಾಲೀಕನೇ ಆಳು.

ಇನ್ನು ದೊಡ್ಡವರ ಕಥೆ. 2019ರ ಸೆಪ್ಟೆಂಬರ್‌ನಲ್ಲಿ ಕಂಪನಿ ತೆರಿಗೆಯನ್ನು ಶೇ. 30ರಿಂದ 22ಕ್ಕೆ ಇಳಿಸಿದರು, ಹೊಸ ಫ್ಯಾಕ್ಟರಿಗಳಿಗೆ ಶೇ. 15. ಕೆಲಸ ಸೃಷ್ಟಿಯಾಗುತ್ತೆ ಅಂದರು. 2024-25ರ ಆರ್ಥಿಕ ಸಮೀಕ್ಷೆಯಲ್ಲಿ ಸರ್ಕಾರವೇ ಬರೆದುಕೊಂಡಿದೆ: 2023-24ರಲ್ಲಿ ಕಂಪನಿಗಳ ಲಾಭ ಶೇ. 22.3 ಏರಿತು, ಕೆಲಸಗಾರರ ಸಂಖ್ಯೆ ಏರಿದ್ದು ಶೇ. 1.5. ವಿರೋಧ ಪಕ್ಷದ ಭಾಷಣ ಅಲ್ಲ ಇದು, ಹಣಕಾಸು ಇಲಾಖೆಯ ಪುಸ್ತಕ. ಐಟಿ ಇದೆಯಲ್ಲ ಅಂತೀರಾ? ಐಟಿ ಕಂಪನಿಗಳ ಸಂಘವಾದ ನಾಸ್ಕಾಂ ಲೆಕ್ಕದಲ್ಲಿ 2024ರ ಹೊತ್ತಿಗೆ ಸುಮಾರು 54 ಲಕ್ಷ ಜನ. ದುಡಿಯುವವರೇ 50 ಕೋಟಿಗಿಂತ ಜಾಸ್ತಿ ಇರೋ ದೇಶದಲ್ಲಿ ನೂರಕ್ಕೆ ಒಬ್ಬರ ಆಸುಪಾಸು. ಬೆಂಗಳೂರಲ್ಲಿ ಕೂತು ನೋಡಿದರೆ ದೇಶವೇ ಐಟಿಯಲ್ಲಿದೆ ಅನ್ನಿಸುತ್ತೆ, ಅಷ್ಟೇ.

ಹುಟ್ಟುವಳಿ ಜಾಸ್ತಿ ಆದರೆ ಎಲ್ಲಾ ಸರಿಹೋಗುತ್ತೆ ಅಂತಲೂ ನಾನು ಹೇಳಲ್ಲ. ಪಾವಗಡಕ್ಕೆ ಹೋಗಿ ನೋಡಿ. ದೊಡ್ಡಮ್ಮನ ಊರು ಆ ಕಡೆ, ಹಾಗಾಗಿ ಹೋಗಿ ಬರುತ್ತಿರುತ್ತೇನೆ. ತಿರುಮಣಿ, ವಳ್ಳೂರು ಸೇರಿ ಐದು ಊರಿನ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್. 2019ರ ಕೊನೆಗೆ ಪೂರ್ತಿ ಚಾಲೂ ಆಯಿತು. ಜಮೀನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ತಗೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮಳೆ ಕೈಕೊಡುವ ಆ ಸೀಮೆಯಲ್ಲಿ ಹತ್ತು ಎಕರೆ ಇದ್ದ ರೈತನಿಗೆ ಇದು ಕಡಲೆಕಾಯಿಗಿಂತ ಎಷ್ಟೋ ಮೇಲು. ಮಳೆ ಬರಲಿ ಬಿಡಲಿ, ಬಾಡಿಗೆ ಬರುತ್ತೆ. ಎಕರೆವಾರು ಹುಟ್ಟುವಳಿ, ತಲೆವಾರು ಹುಟ್ಟುವಳಿ, ಯಾವುದು ನೋಡಿದರೂ ಆಕಾಶ ಮುಟ್ಟಿರಬೇಕು.

ಆದರೆ ಆ ಹತ್ತು ಎಕರೆಯಲ್ಲಿ ಕಳೆ ಕೀಳುತ್ತಿದ್ದವರು, ಕಾಯಿ ಬಿಡಿಸುತ್ತಿದ್ದವರು, ಕುರಿ ಮೇಯಿಸುತ್ತಿದ್ದವರು ಯಾರೂ ಜಮೀನಿನ ಒಡೆಯರಲ್ಲ. ಅವರಿಗೆ ಬಾಡಿಗೆ ಇಲ್ಲ. ಪಾರ್ಕಿನಲ್ಲಿ ಸಿಕ್ಕ ಕೆಲಸ ಅಂದರೆ ಪ್ಯಾನೆಲ್ ತೊಳೆಯೋದು, ಮಧ್ಯೆ ಬೆಳೆದ ಹುಲ್ಲು ಕೊಯ್ಯೋದು, ಗೇಟ್ ಕಾಯೋದು. ಅದೂ ಎಲ್ಲರಿಗೂ ಸಿಗಲಿಲ್ಲ. ಬೇಲಿ ಬಿದ್ದ ಮೇಲೆ ಕುರಿ ಮಾರಿದವರು ಇದ್ದಾರೆ. ವಿದ್ಯುತ್ ಬೇಕು, ಸೋಲಾರ್ ಬೇಕು, ನನಗೆ ಅದರ ಮೇಲೆ ದ್ವೇಷ ಏನಿಲ್ಲ. ಆದರೆ ಕೂಲಿಯವರಿಗೂ ಆ ಬಾಡಿಗೆಯಲ್ಲಿ ಒಂದು ಸಣ್ಣ ಪಾಲು ಇಡಬಹುದಿತ್ತು ಅಂತ ಈಗಲೂ ಅನ್ನಿಸುತ್ತೆ.

ಹೊಲಕ್ಕಿಂತ ಜಾಸ್ತಿ ಹುಟ್ಟುವಳಿ, ಸಾಫ್ಟ್‌ವೇರಿಗಿಂತ ಜಾಸ್ತಿ ಕೈ. ನಮಗೆ ಬೇಕಾಗಿರೋದು ಅಂಥ ಕೆಲಸ. ಗಾರ್ಮೆಂಟ್ಸ್ ಅಂಥದ್ದು. ಮಂಡ್ಯ, ರಾಮನಗರ, ತುಮಕೂರು ಕಡೆಯ ಎಷ್ಟೋ ಹೆಣ್ಣುಮಕ್ಕಳು ಮೊದಲ ಸಲ ತಮ್ಮ ಹೆಸರಿನ ಬ್ಯಾಂಕ್ ಖಾತೆ, ಪಿಎಫ್ ನಂಬರ್ ನೋಡಿದ್ದು ಅಲ್ಲೇ. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್, ಸೂಪರ್‌ವೈಸರ್ ಬೈಗುಳ, ಕಡಿಮೆ ಸಂಬಳ, ಎಲ್ಲಾ ಇದೆ. ಆದರೂ ಆ ಕೆಲಸ ಅವರಿಗೆ ಎಷ್ಟು ಮುಖ್ಯ ಅಂತ 2016ರ ಏಪ್ರಿಲ್‌ನಲ್ಲಿ ಗೊತ್ತಾಯಿತು. ಪಿಎಫ್ ದುಡ್ಡು ತೆಗೆಯೋಕೆ ಹೊಸ ನಿರ್ಬಂಧ ಹಾಕ್ತಾರೆ ಅಂದಾಗ ಸಾವಿರಾರು ಜನ ಬೆಂಗಳೂರಿನ ರಸ್ತೆಗೆ ಇಳಿದರು, ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತಗೊಂಡಿತು. ಬಟ್ಟೆ ರಫ್ತಿನಲ್ಲಿ ಇವತ್ತಿಗೂ ಬಾಂಗ್ಲಾದೇಶ ನಮ್ಮ ಎರಡು ಪಟ್ಟಿಗಿಂತ ಮೇಲಿದೆ. ನಾವು ಸಬ್ಸಿಡಿ ಸುರಿಯೋದು ಮಾತ್ರ ಕಂಪ್ಯೂಟರ್ ಚಿಪ್‌ಗೆ, ಬ್ಯಾಟರಿಗೆ. ಅವೂ ಬೇಕು, ಸರಿ. ಆದರೆ ತುಮಕೂರಿನ ಕಡಲೆಕಾಯಿ ಹೊಲದಲ್ಲಿ ಅಣ್ಣನ ಪಕ್ಕ ಸುಮ್ನೆ ನಿಂತಿರೋ ತಮ್ಮನಿಗೆ ಚಿಪ್ ಫ್ಯಾಕ್ಟರಿಯಲ್ಲಿ ಜಾಗ ಇರಲ್ಲ.

ಮುಂದಿನ ಸಲ ವಾರ್ಷಿಕ ವರದಿ ಬಂದಾಗ ನ್ಯೂಸ್‌ನವರು ನಿರುದ್ಯೋಗದ ಅಂಕಿಯನ್ನೇ ತೋರಿಸುತ್ತಾರೆ. ಅದನ್ನ ಬಿಟ್ಟು ಎರಡು ಸಾಲು ಹುಡುಕಿ: ಕೃಷಿಯಲ್ಲಿ ಎಷ್ಟು ಜನ, ಸಂಬಳವಿಲ್ಲದ ಸಹಾಯಕರು ಎಷ್ಟು. ಆ ಎರಡು ಇಳಿಯದೆ ನಿರುದ್ಯೋಗ 2ಕ್ಕೆ ಬಂದರೂ ನಾನಂತೂ ಪಟಾಕಿ ಹೊಡೆಯಲ್ಲ.