ಬೊಂಬೆ ನೋಡಿ ಸನ್ನೆ ಭಾಷೆ ಕಲಿಯಬಹುದಾ?

ನನ್ನ ಕೆಲಸ ಅನಿಮೇಷನ್. ಸನ್ನೆ ಭಾಷೆ ಕಲಿಯುವವರಿಗೆ ಕೈಸನ್ನೆ ಮಾಡಿ ತೋರಿಸುವ ತ್ರೀಡಿ ಬೊಂಬೆಗಳನ್ನೂ ಮಾಡುತ್ತೇನೆ. ಸಿಕ್ಕವರೆಲ್ಲ ಕೇಳುವುದು ಒಂದೇ: 'ವಿಡಿಯೊ ಇದೆಯಲ್ಲ, ಬೊಂಬೆ ಯಾಕೆ? ಅದನ್ನು ನೋಡಿ ನಿಜವಾಗ್ಲೂ ಕಲಿಯೋಕಾಗುತ್ತಾ?'

ಪದ ಕಲಿಯಬಹುದು. ಮಾತಾಡೋಕೆ ಜನರೇ ಬೇಕು.

ವಿಡಿಯೊ ಬಗ್ಗೆ ನನಗೇನೂ ತಕರಾರಿಲ್ಲ. ದೆಹಲಿಯ ಭಾರತೀಯ ಸನ್ನೆ ಭಾಷೆ ಸಂಶೋಧನಾ ಮತ್ತು ತರಬೇತಿ ಕೇಂದ್ರದ ವಿಡಿಯೊ ನಿಘಂಟು 2018ರಲ್ಲಿ 3,000 ಪದಗಳಿಂದ ಶುರುವಾಗಿ 2021ಕ್ಕೆ 10,000 ಮುಟ್ಟಿತು. ಮೊದಲು ಅದನ್ನೇ ನೋಡಿ ಅನ್ನುತ್ತೇನೆ. ಆದರೆ ವಿಡಿಯೊದಲ್ಲಿರುವವರು ನಮಗೆ ಎದುರಾಗಿ ನಿಂತಿರುತ್ತಾರೆ. ಅವರ ಬಲಗೈ ನಮ್ಮ ಎಡಕ್ಕೆ. ಹೊಸಬರು ತಡವರಿಸುವುದು ಅಲ್ಲೇ. ಬೊಂಬೆಯನ್ನಾದರೆ ತಿರುಗಿಸಿ, ಅದರ ಹೆಗಲ ಹಿಂದಿನಿಂದ ನೋಡಬಹುದು, ನಮ್ಮ ಕೈಯನ್ನೇ ನಾವು ನೋಡಿಕೊಂಡ ಹಾಗೆ. ಎಷ್ಟು ನಿಧಾನ ಮಾಡಿದರೂ ಬೆರಳು ಮಸುಕಾಗುವುದಿಲ್ಲ.

ನಮಗೆ ಕಷ್ಟ ಕೊಡುವುದು ಬೆರಳಿಗೆ ಬೆರಳು ತಾಗುವ ಜಾಗ. ನಮ್ಮಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಎರಡೂ ಕೈಯಲ್ಲಿ ತೋರಿಸುತ್ತಾರೆ. ಒಂದು ಕೈಯ ತೋರುಬೆರಳಿನಿಂದ ಇನ್ನೊಂದು ಕೈಯ ತೋರುಬೆರಳ ತುದಿ ಮುಟ್ಟಿದರೆ 'ಇ', ನಡುಬೆರಳ ತುದಿಯಾದರೆ 'ಐ'. ಕಂಪ್ಯೂಟರ್‌ಗೆ ಗೊತ್ತಿರುವುದು ಯಾವ ಗೆಣ್ಣು ಎಷ್ಟು ಬಾಗಿದೆ ಅನ್ನೋದು ಮಾತ್ರ, ಮುಟ್ಟುವುದು ಅಂದ್ರೇನು ಅಂತ ಅದಕ್ಕೆ ಗೊತ್ತಿಲ್ಲ. ಅದೇ ಚಲನೆಯನ್ನು ತೋಳು ಸ್ವಲ್ಪ ಉದ್ದ ಇರುವ ಬೇರೆ ಬೊಂಬೆಗೆ ಹಾಕಿದರೆ ಬೆರಳು ಗಾಳಿಯಲ್ಲೇ ನಿಲ್ಲುತ್ತದೆ, ಇಲ್ಲವೇ ಅಂಗೈಯನ್ನು ತೂರಿಕೊಂಡು ಆಚೆ ಬರುತ್ತದೆ! ಅದನ್ನೆಲ್ಲ ಒಂದೊಂದಾಗಿ ಕೂತು ಸರಿಮಾಡಬೇಕು.

ವಿಶ್ವ ಕಿವುಡರ ಒಕ್ಕೂಟ 2018ರಲ್ಲೇ ಎಚ್ಚರಿಸಿತ್ತು: ರೈಲು ನಿಲ್ದಾಣದಲ್ಲಿ ಬರುವಂಥ, ಮೊದಲೇ ಸಿದ್ಧ ಮಾಡಿಟ್ಟ ಮಾಹಿತಿಗೆ ಬೊಂಬೆ ಇರಲಿ, ಮನುಷ್ಯ ದುಭಾಷಿಯ ಜಾಗಕ್ಕೆ ಬೇಡ. ಆಗ ನನಗೆ ಸ್ವಲ್ಪ ಬೇಜಾರಾಗಿತ್ತು. ಆಮೇಲೆ ನನ್ನದೇ ಒಂದು ಪಾಠದಲ್ಲಿ ಬುದ್ಧಿ ಬಂತು.

'ಊಟ ಆಯ್ತಾ?' ಅನ್ನುವ ಸನ್ನೆ ಮಾಡಿದ್ದೆ. ಕೈ ಅಚ್ಚುಕಟ್ಟಾಗಿತ್ತು. ನಮ್ಮ ಪಾಠಗಳನ್ನು ತಿದ್ದುವ ಟೀಚರ್‌ಗೆ ಹುಟ್ಟಿನಿಂದ ಕಿವಿ ಕೇಳಿಸದು, ಸನ್ನೆಯೇ ಮನೆಮಾತು. ಅವರು ನೋಡಿ ನಕ್ಕು ಬರೆದುಕೊಟ್ಟರು: 'ಬೊಂಬೆಗೆ ಊಟ ಆಯ್ತಂತೆ. ಸಂತೋಷ.' ಯಾಕೆಂದರೆ 'ಊಟ ಆಯ್ತು', 'ಊಟ ಆಯ್ತಾ' ಎರಡಕ್ಕೂ ಕೈ ಒಂದೇ. ಹುಬ್ಬು ಮೇಲೇರಿ, ತಲೆ ಚೂರು ಮುಂದಕ್ಕೆ ಬಂದರೆ ಅದು ಪ್ರಶ್ನೆ. ಕನ್ನಡದಲ್ಲಿ ಕೊನೆಗೊಂದು 'ಆ' ಸೇರಿಸ್ತೀವಲ್ವಾ, ಆ ಕೆಲಸ ಅಲ್ಲಿ ಹುಬ್ಬಿನದು. ನಾನೋ ಮುಖವನ್ನು ಗೋಡೆ ಥರ ಬಿಟ್ಟಿದ್ದೆ.

ಹುಬ್ಬು, ಕಣ್ಣು, ಕತ್ತು ಸರಿಮಾಡೋಕೆ ಎರಡು ದಿನ ಹಿಡಿಯಿತು. ಟೀಚರ್ ಮತ್ತೆ ನೋಡಿದರು. ಈ ಸಲ ನನ್ನ ಕಡೆ ತಿರುಗಲೇ ಇಲ್ಲ. ಸ್ಕ್ರೀನ್ ಕಡೆಗೇ ಕೈ ಮಾಡಿ, 'ಇನ್ನೂ ಇಲ್ಲ' ಅಂದರು.