ಟ್ಯಾಕ್ಸು ನಮಗೆ ಮಾತ್ರ ಯಾಕೆ ಅಂತ ಕೇಳುವವರಿಗೆ

ಕಾರವಾರದಲ್ಲಿ ಲೆಕ್ಕಪತ್ರ ಬರೆದು, ಟ್ಯಾಕ್ಸ್ ರಿಟರ್ನ್ ತುಂಬಿಕೊಡುವುದು ನನ್ನ ಹೊಟ್ಟೆಪಾಡು. ಕೈಗಾ ಅಣು ವಿದ್ಯುತ್ ಸ್ಥಾವರದ ನೌಕರರು, ಬೈತಖೋಲ ಮೀನುಗಾರಿಕೆ ಬಂದರಿನ ಬೋಟಿನವರು, ಅಂಗಡಿಯವರು, ಘಟ್ಟದ ಮೇಲಿನ ನೆಂಟರು ಎಲ್ಲ ಬರುತ್ತಾರೆ. ಕುರ್ಚಿ ಎಳೆದುಕೊಂಡು ಕೂರುವ ಮೊದಲೇ ಶುರು: "ಅಲ್ಲ ಮಾರಾಯ್ರೇ, ದುಡಿದು ತಿನ್ನುವ ನಮ್ಮಂಥವರಿಗೆ ಟ್ಯಾಕ್ಸು. ದೊಡ್ಡ ಕುಳಗಳಿಗೆ ಏನೂ ಇಲ್ಲ. ಇದು ನ್ಯಾಯವಾ?"

ನ್ಯಾಯ ಅಲ್ಲ. ಇಷ್ಟು ಸಾಕು ಅನ್ನುವವರು ಇಲ್ಲಿಗೇ ಎದ್ದು ಹೋಗಬಹುದು.

ಕೂತವರಿಗೆ ಒಂದು ಮಾತು. ಈ ದೊಡ್ಡ ಕುಳ ಯಾರು ಅಂತ ಯಾರೂ ಹೇಳುವುದಿಲ್ಲ. ಕೈಗಾದವರನ್ನು ಕೇಳಿದರೆ ಬೋಟಿನ ಮಾಲಕರು. ಬೋಟಿನವರನ್ನು ಕೇಳಿದರೆ ಶಿರಸಿಯ ಅಡಿಕೆ ತೋಟದ ಹೆಗಡೇರು. ಹೆಗಡೇರನ್ನು ಕೇಳಿದರೆ ಬೆಂಗಳೂರಿನ ಕಂಪನಿಯವರು. ಆ ಕಂಪನಿಯವರೂ ಊರಿಗೆ ಬಂದಾಗ ನನ್ನನ್ನು ಇದೇ ಪ್ರಶ್ನೆ ಕೇಳುತ್ತಾರೆ. ಒಟ್ಟಿನಲ್ಲಿ ನನ್ನ ಕಡತಗಳಲ್ಲಿ ಶ್ರೀಮಂತ ಅನ್ನುವವ ಒಬ್ಬನೂ ಇಲ್ಲ. ಎಲ್ಲರೂ ನಮ್ಮಂಥವರೇ.

ಶಿರಸಿ ಹತ್ತಿರ ಒಂದು ಮದುವೆ. ಪಂಕ್ತಿಯಲ್ಲಿ ಕೂತಿದ್ದೆ. ತಂಬುಳಿ ಬಂದಿತ್ತು, ಅಪ್ಪೆಹುಳಿ ಇನ್ನೂ ಬರಬೇಕಿತ್ತು. ಎದುರಿನ ಸಾಲಿನಿಂದ ಬೆಂಗಳೂರಿನ ನೆಂಟ ಒಬ್ಬ ಇಡೀ ಚಪ್ಪರಕ್ಕೆ ಕೇಳುವ ಹಾಗೆ ಕೂಗಿದ: "ಭಾವಾ, ನೀವೇ ಹೇಳಿ! ನನ್ನ ಸಂಬಳದಲ್ಲಿ ತಿಂಗಳು ತಿಂಗಳು ಕಡಿತಾರೆ. ನಮ್ಮ ಮಾವನಿಗೆ ಅಡಿಕೆಯಲ್ಲಿ ಲಕ್ಷಗಟ್ಟಲೆ ಬರ್ತದೆ, ಒಂದು ಪೈಸೆ ಇಲ್ಲ. ಮಧ್ಯಮ ವರ್ಗದವರು ಸಾಯಬೇಕಾ?"

ಆ ಮಾವ ನನ್ನ ಪಕ್ಕದಲ್ಲೇ ಕೂತಿದ್ದರು. ಅನ್ನ ಕಲಸುತ್ತಿದ್ದ ಕೈ ನಿಂತಿತು. ಅವರ ಉಗುರಿನ ಸಂದಿಯಲ್ಲಿ ಅಡಿಕೆ ಸುಲಿದ ಕಪ್ಪು ಇನ್ನೂ ಇತ್ತು. ಅವರು ಏನೂ ಅನ್ನಲಿಲ್ಲ. ಬಡಿಸುವವನನ್ನು ಕರೆದು ಅಪ್ಪೆಹುಳಿ ಕೇಳಿದರು, ಅಷ್ಟೇ.

ನನ್ನ ಫಜೀತಿ ಏನಂದರೆ, ಕೂಗಿದವನ ರಿಟರ್ನ್ ತುಂಬುವವನೂ ನಾನೇ. ಅದರಲ್ಲಿ ಏನಿದೆ ಅಂತ ಪಂಕ್ತಿಯಲ್ಲೂ ಹೇಳುವ ಹಾಗಿರಲಿಲ್ಲ, ಇಲ್ಲೂ ಹೇಳುವ ಹಾಗಿಲ್ಲ. ಬಾಯಿ ಇರುವುದು ಊಟಕ್ಕೆ ಅಂದುಕೊಂಡು ಸುಮ್ಮನೆ ಪಾಯಸ ಇನ್ನೊಂದು ಸಲ ಹಾಕಿಸಿಕೊಂಡೆ.

ಅವತ್ತು ಹೇಳದ ಲೆಕ್ಕ ಇದು. ಮಾವನದು ಒಂದು ಎಕರೆ ತೋಟ. ಒಳ್ಳೆ ವರ್ಷ ಬೇಯಿಸಿ ಒಣಗಿಸಿದ ರಾಶಿ ಅಡಿಕೆ ಹತ್ತು ಕ್ವಿಂಟಲ್ ಆಯಿತು, ಕ್ವಿಂಟಲಿಗೆ 45-50 ಸಾವಿರ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ನಾಲ್ಕೂವರೆ, ಐದು ಲಕ್ಷ. ಅದರಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿದ್ದು, ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನ ಕೂಲಿ, ಸುಲಿದ ಕೂಲಿ, ಗೊಬ್ಬರ ಎಲ್ಲ ಹೋಗಬೇಕು. ಈಗ ಎಲೆಚುಕ್ಕಿ ರೋಗ ಬೇರೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆಯಿಂದ ಇರುವ ವಿನಾಯಿತಿಯನ್ನು ನಾಳೆಯೇ ತೆಗೆದುಹಾಕಿದರೂ ಮಾವ ಕಟ್ಟಬೇಕಾದ ತೆರಿಗೆ ಸೊನ್ನೆ. 2025-26ರಿಂದ ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಂಬಳ, ವ್ಯಾಪಾರದಂಥ ಮಾಮೂಲಿ ಆದಾಯಕ್ಕೆ ಯಾರೂ ತೆರಿಗೆ ಕಟ್ಟಬೇಕಾಗಿಲ್ಲ. ಹಾಗಾದರೆ ಕೃಷಿ ವಿನಾಯಿತಿಯಿಂದ ನಿಜವಾಗಿ ಉಳಿತಾಯ ಆಗುವುದು ಯಾರಿಗೆ? ಹತ್ತಾರು ಎಕರೆ ಇದ್ದವರಿಗೆ. ಎಕರೆ, ಅರ್ಧ ಎಕರೆಯವರು ಸುಮ್ನೆ ಬೈಸಿಕೊಳ್ಳುವುದಕ್ಕೆ ಇದ್ದಾರೆ.

ಹೌದು, ನನ್ನ ಅಪ್ಪನ ಮನೆಯಲ್ಲೂ ತೋಟ ಇದೆ. ಅದಕ್ಕೇ ಹೀಗೆ ಹೇಳ್ತೇನೆ ಅಂದುಕೊಳ್ಳಿ, ಅಡ್ಡಿಯಿಲ್ಲ. ಲೆಕ್ಕ ತಪ್ಪಿದ್ದರೆ ತೋರಿಸಿ.

ಈ ವಿನಾಯಿತಿ ನಿನ್ನೆ ಮೊನ್ನೆಯದೂ ಅಲ್ಲ. ಬ್ರಿಟಿಷರ 1886ರ ಕಾಯ್ದೆಯಲ್ಲೇ ಕೃಷಿ ಆದಾಯವನ್ನು ಹೊರಗಿಟ್ಟಿದ್ದರು. ಭೂಕಂದಾಯ ಬೇರೆ ವಸೂಲಿ ಆಗುತ್ತಿತ್ತು. ಆಮೇಲೆ ಸಂವಿಧಾನ ಕೃಷಿ ಆದಾಯದ ತೆರಿಗೆಯನ್ನು ರಾಜ್ಯಗಳ ಪಾಲಿಗೆ ಬಿಟ್ಟಿತು. ನಮ್ಮಲ್ಲಿ 1957ರಲ್ಲಿ ಅದಕ್ಕೊಂದು ಕಾಯ್ದೆಯೂ ಬಂತು. ದೊಡ್ಡ ಹಿಡುವಳಿಗಳಿಗೆ ತೆರಿಗೆ ಹಾಕಿ ಅಂತ 1972ರಲ್ಲಿ ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ಅವರ ಸಮಿತಿ ಹೇಳಿತು. ಹೇಳಿತು, ಅಷ್ಟೇ. ರೈತರ ಓಟು ಕಳೆದುಕೊಳ್ಳುವ ಧೈರ್ಯ ಯಾವ ಪಕ್ಷಕ್ಕಿದೆ?

ಇನ್ನು ಘಟ್ಟ ಇಳಿದು ಬನ್ನಿ. ಬೋಟಿನವರದು ಕೃಷಿ ಅಲ್ಲ, ವ್ಯಾಪಾರ. ಭೂಮಿಯಲ್ಲಿ ಬೆಳೆದದ್ದು ಮಾತ್ರ ಕೃಷಿ ಆದಾಯ. ಸಮುದ್ರಕ್ಕೆ ಪಹಣಿ ಇಲ್ಲವಲ್ಲ. ಜೂನ್, ಜುಲೈ ಎರಡು ತಿಂಗಳು ನಿಷೇಧ ಅಂತ ಬೋಟು ದಡದಲ್ಲಿ ನಿಂತಿರುತ್ತದೆ. ಕೆಲವು ವರ್ಷ ಮೀನೇ ಬೀಳುವುದಿಲ್ಲ. ಆದರೂ ಲಾಭ ಬಂದ ವರ್ಷ ತೆರಿಗೆ ಕಟ್ಟಬೇಕು. ಡೀಸೆಲಿಗೆ ರಿಯಾಯಿತಿ ಉಂಟು, ಇಲ್ಲ ಅನ್ನುವುದಿಲ್ಲ. ಆದರೆ ತೋಟಕ್ಕೆ ಇರುವ ವಿನಾಯಿತಿ ಬಲೆಗೆ ಯಾಕಿಲ್ಲ ಅಂತ ಬೋಟಿನವರು ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಬೇರೆ ದುಡ್ಡನ್ನೆಲ್ಲ ಅಡಿಕೆ ಲೆಕ್ಕಕ್ಕೆ ಸೇರಿಸಿಬಿಡಿ ಅಂತ ಬರುವ ಗಿರಾಕಿಗಳ ಕತೆ ಬೇರೆಯೇ ಇದೆ. ಇಪ್ಪತ್ತು ಗುಂಟೆ ತೋಟದಲ್ಲಿ ನಲವತ್ತು ಲಕ್ಷದ ಅಡಿಕೆ ತೋರಿಸಿ ಅನ್ನುತ್ತಾರೆ. ನಿಮ್ಮ ಮರದಲ್ಲಿ ಬಂಗಾರದ ಕೊನೆ ಬಿಡ್ತದಾ ಅಂತ ಕೇಳಿ ಕಳಿಸುತ್ತೇನೆ. ಅವರಿಗೆ ಅಂತಲೇ ಒಂದು ಮಾತು: ಕೃಷಿಯಲ್ಲದ ಗಳಿಕೆ ತೆರಿಗೆಯ ಮಿತಿ ದಾಟಿದ್ದರೆ, ಆ ಗಳಿಕೆಗೆ ಎಷ್ಟು ದರ ಅಂತ ಲೆಕ್ಕ ಹಾಕುವಾಗ 5,000 ರೂಪಾಯಿಗಿಂತ ಹೆಚ್ಚಿನ ಕೃಷಿ ಆದಾಯವನ್ನೂ ಸೇರಿಸಿಕೊಳ್ಳುತ್ತಾರೆ. ತೋಟ ಇರುವ ಮಾಸ್ತರರ ಸಂಬಳಕ್ಕೆ ದರ ಏರುವುದು ಹೀಗೆ.

ಯಾರಾದರೂ ಕೇಳಲಿ ಅಂತ ನಾನು ಕಾಯುವ ಪ್ರಶ್ನೆ ಬೇರೆ. ಯಾರಿಗೆ ಎಷ್ಟು ಬಂತು ಅನ್ನುವುದಕ್ಕಿಂತ ಎಲ್ಲಿಂದ ಬಂತು ಅನ್ನುವುದರ ಮೇಲೆ ತೆರಿಗೆ ಯಾಕೆ ನಿಂತಿದೆ?

ಹೊಸ ಪದ್ಧತಿಯಲ್ಲೇ, ವರ್ಷಕ್ಕೆ 25 ಲಕ್ಷ ಅಂತ ಇಟ್ಟುಕೊಳ್ಳಿ. ಸಂಬಳವಾಗಿ ಬಂದರೆ, ಸಂಬಳದವರಿಗೆ ಸಿಗುವ 75,000ದ ಕಡಿತ ಕಳೆದು, ತೆರಿಗೆಯ ಮೇಲಿನ ಸೆಸ್ ಸೇರಿ 3,19,800 ರೂಪಾಯಿ ತೆರಿಗೆ. ಬೋಟಿನ ಲಾಭವಾದರೆ 3,43,200. ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಶೇರು ಮಾರಿ ಬಂದ ಲಾಭವಾದರೆ, ಬೇರೆ ಆದಾಯ ಇಲ್ಲದವನಿಗೆ 2,56,750. ಅಡಿಕೆಯಾದರೆ ಸೊನ್ನೆ. ಸಂಬಳಕ್ಕೂ ಶೇರಿಗೂ ವ್ಯತ್ಯಾಸ ಅಷ್ಟೇನೂ ಕಾಣುವುದಿಲ್ಲ ಅನ್ನುತ್ತೀರಾ? ಒಂದು ಕೋಟಿ ಮಾಡಿ. ಸಂಬಳದವನಿಗೆ 29 ಲಕ್ಷದ ಮೇಲೆ. ಶೇರಿನವನಿಗೆ ಹದಿಮೂರೂವರೆ ಲಕ್ಷ. ಸಂಬಳಕ್ಕೆ ದರ ಮೆಟ್ಟಿಲು ಹತ್ತಿ ನೂರಕ್ಕೆ 30ರವರೆಗೆ ಹೋಗುತ್ತದೆ. ಶೇರಿನ ಲಾಭಕ್ಕೆ ಎಷ್ಟೇ ಬಂದರೂ 12.5ರಲ್ಲೇ ನಿಲ್ಲುತ್ತದೆ. ಅದೂ 2024ರ ಜುಲೈನಲ್ಲಿ ಏರಿಸಿದ ಮೇಲೆ. ಅದಕ್ಕೂ ಮೊದಲು 10 ಇತ್ತು. 2018ಕ್ಕಿಂತ ಹಿಂದೆ ಹೆಚ್ಚುಕಡಿಮೆ ಹದಿನಾಲ್ಕು ವರ್ಷ ಏನೂ ಇರಲಿಲ್ಲ.

ಶ್ರೀಮಂತರಿಗೆ ಸರಿಯಾಗಿ ಜಡಿಯಬೇಕು ಅನ್ನುವವರಿಗೂ ಹೇಳಿಬಿಡುತ್ತೇನೆ. ಅದನ್ನೂ ಮಾಡಿ ನೋಡಿ ಆಗಿದೆ. 1973-74ರಲ್ಲಿ ತೆರಿಗೆಯ ಮೇಲೆ ಹಾಕುವ ಸರ್ಚಾರ್ಜ್ ಸೇರಿ ಅತಿ ಹೆಚ್ಚಿನ ದರ ನೂರಕ್ಕೆ 97.75 ಇತ್ತು. ನೂರು ಗಳಿಸಿ ಎರಡೂಕಾಲು ಇಟ್ಟುಕೊಳ್ಳಲು ಯಾವ ಪುಣ್ಯಾತ್ಮ ನಿಜ ಹೇಳುತ್ತಾನೆ?

ಇದೆಲ್ಲ ಗಳಿಸಿದ ದುಡ್ಡಿನ ಮಾತಾಯಿತು. ಮನೆ ಕಂದಾಯದಂಥದ್ದು ಬಿಟ್ಟರೆ ಬರೀ ಇದ್ದ ಆಸ್ತಿಗೆ ಏನೂ ಇಲ್ಲ. ಸತ್ತವರ ಆಸ್ತಿ ಕೈ ಬದಲಾಗುವಾಗ ಇದ್ದ ಎಸ್ಟೇಟ್ ಡ್ಯೂಟಿ 1985ರಲ್ಲಿ ಹೋಯಿತು. ಸಂಪತ್ತಿನ ತೆರಿಗೆ 2015ರಲ್ಲಿ ಹೋಯಿತು. ಸಿಗುವುದು ಕಮ್ಮಿ, ವಸೂಲಿಯ ರಗಳೆ ಜಾಸ್ತಿ ಅಂತ ಕೋಟಿ ದಾಟಿದ ಆದಾಯಕ್ಕೆ ಸರ್ಚಾರ್ಜ್ ಏರಿಸಿ ಕೈ ತೊಳೆದುಕೊಂಡರು. ಹೆದ್ದಾರಿ ಪಕ್ಕದ ಐದು ಎಕರೆ ಅಜ್ಜನಿಂದ ಮೊಮ್ಮಗನಿಗೆ ಬಂದರೆ ಆದಾಯ ತೆರಿಗೆ ಇಲ್ಲ. ತೆರಿಗೆಯ ಮಾತು ಬರುವುದಿದ್ದರೆ ಮಾರಿದಾಗ ಮಾತ್ರ. ಬಂದರಿನಲ್ಲಿ ಮೀನು ಮಾರುವ ಹೆಂಗಸು ಆದಾಯ ತೆರಿಗೆಯ ಹತ್ತಿರಕ್ಕೂ ಬರುವುದಿಲ್ಲ. ಆದರೆ ಅವಳ ಮೊಬೈಲ್ ರೀಚಾರ್ಜಿಗೂ ಆ ಮೊಮ್ಮಗನ ರೀಚಾರ್ಜಿಗೂ ಜಿಎಸ್‌ಟಿ ನೂರಕ್ಕೆ 18.

ಇಷ್ಟೆಲ್ಲ ಹೇಳಿದ ಮೇಲೆ ನನ್ನದನ್ನೂ ಕೇಳಬೇಕಲ್ಲವಾ? ನನ್ನಂಥ ಲೆಕ್ಕ ಬರೆಯುವವರಿಗೆ ಕಾನೂನಿನಲ್ಲಿ ಒಂದು ಸೌಲಭ್ಯ ಇದೆ. ವರ್ಷದ ಫೀ 50 ಲಕ್ಷದ ಒಳಗಿದ್ದರೆ ಅದರಲ್ಲಿ ಅರ್ಧ ಮಾತ್ರ ಲಾಭ ಅಂತ ತೋರಿಸಬಹುದು. ಉಳಿದ ಅರ್ಧಕ್ಕೆ ಬಿಲ್ಲೂ ಬೇಡ, ಪುಸ್ತಕವೂ ಬೇಡ. ಸಂಬಳದವರಿಗೆ ಸಿಗುವುದು ಆ 75,000. ಇಷ್ಟು ವರ್ಷದಲ್ಲಿ ನನ್ನೆದುರು ಕೂತ ಒಬ್ಬರೂ ಇದನ್ನು ಎತ್ತಿಲ್ಲ. ಎತ್ತಿದರೆ ಫೀ ಇಳಿಸಿ ಅನ್ನುತ್ತಾರೆ ಅಂತ ನಾನೂ ಹೇಳಿರಲಿಲ್ಲ.